ನಾಲ್ಕು ತಾಹಿಲ್

ಚಿಕ್ಕಪ್ಪನ ಮನೆಯಲ್ಲಿ ಹಲಸಿನಹಣ್ಣಿನ ತೂಕವನ್ನು ಕಾಟಿಯಲ್ಲಿ ಹೇಳುತ್ತಿದ್ದರು. ನಮ್ಮ ಕಡೆ ಕಾಟಿ ಎಂದರೆ ಕಾಡುಕೋಣ. ಹೊಸಬರು ಯಾರಾದರೂ ಜಗುಲಿಯಲ್ಲಿ ಕೂತಿದ್ದಾಗ ಚಿಕ್ಕಪ್ಪ ಹಿತ್ತಲಿನಿಂದ ‘ಹದಿನೆಂಟು ಕಾಟಿ’ ಎಂದು ಕೂಗಿದರೆ ಅವರು ಗಾಬರಿಯಿಂದ ತೋಟದ ಕಡೆ ನೋಡುತ್ತಿದ್ದರು. ಪಕ್ಕದ ತೋಟದ ಯಜಮಾನರಿಗೆ ಇದು ಎಷ್ಟು ಸಲ ಕೇಳಿದರೂ ಹಳೆಯದಾಗದ ತಮಾಷೆ. ‘ಹದಿನೆಂಟು ಕಾಟಿ ನುಗ್ಗಿದ್ರೆ ನಿನ್ನ ತೋಟದಲ್ಲಿ ಒಂದು ಕಾಫಿ ಗಿಡ ಉಳಿಯುತ್ತಾ ಮಾರಾಯ’ ಎಂದು ಅವರು ನಗುತ್ತಿದ್ದರು. ಚಿಕ್ಕಪ್ಪ ನಗುತ್ತಿರಲಿಲ್ಲ. ‘ಹನ್ನೊಂದು ಕಿಲೋಗೆ ಚೂರು ಕಡಿಮೆ’ ಎಂದು ಶಾಂತವಾಗಿ ತಿದ್ದಿ ಹೇಳುತ್ತಿದ್ದರು.

ಅವರ ಕಾಟಿ ಮಲಯಾದ ಚೀನೀ ಅಂಗಡಿಗಳ ತೂಕ. ಚಿಕ್ಕಪ್ಪ ಹುಡುಗರಾಗಿದ್ದಾಗ ಮೂಡಿಗೆರೆ ಕಡೆಯ ಒಬ್ಬ ಇಂಗ್ಲಿಷ್ ದೊರೆಯ ಎಸ್ಟೇಟಿನಲ್ಲಿ ರೈಟರ್ ಆಗಿ, ಅಂದರೆ ಲೆಕ್ಕ ಬರೆಯುವವರಾಗಿ ಸೇರಿದ್ದರು. ದೊರೆ ಇಲ್ಲಿಯ ತೋಟ ಮಾರಿ ಮಲಯಾದ ರಬ್ಬರ್ ತೋಟಕ್ಕೆ ಹೋದಾಗ ತನ್ನ ರೈಟರನ್ನೂ ಕರೆದುಕೊಂಡು ಹೋದ. ಚಿಕ್ಕಪ್ಪ ಅಲ್ಲಿ ಅನೇಕ ವರ್ಷ ಇದ್ದು, ವಾಪಸು ಬಂದು, ಬಾಳೂರಿನ ಹತ್ತಿರ ಒಂದು ಸಣ್ಣ ತೋಟ ಕೊಂಡು, ಆಮೇಲೆ ತಡವಾಗಿ ನನ್ನ ಚಿಕ್ಕಮ್ಮನನ್ನು ಮದುವೆಯಾದರು. ಅಲ್ಲಿಂದ ಅವರು ತಂದ ವಸ್ತುಗಳಲ್ಲಿ ಮನೆಯಲ್ಲಿ ಉಳಿದಿದ್ದುದು ಒಂದೇ: ಪಿಟೀಲಿನ ಆಕಾರದ ಮರದ ಪೆಟ್ಟಿಗೆಯೊಳಗೆ ಮಲಗಿಸಿದ ಒಂದು ಕೈತಕ್ಕಡಿ. ಮೂಳೆಯಿಂದ ಮಾಡಿದ ಬಿಳಿಯ ಕೋಲು, ಒಂದು ತುದಿಯಲ್ಲಿ ದಾರಗಳಿಂದ ತೂಗುವ ಹಿತ್ತಾಳೆಯ ಪುಟ್ಟ ತಟ್ಟೆ, ಕೋಲಿನ ಮೇಲೆ ಅತ್ತಿತ್ತ ಸರಿಸುವ ಒಂದು ಗುಂಡು. ಕೋಲಿನ ಉದ್ದಕ್ಕೂ ಸಣ್ಣ ಕಪ್ಪು ಚುಕ್ಕೆಗಳು. ಗುಂಡು ಯಾವ ಚುಕ್ಕೆಯ ಮೇಲೆ ನಿಂತಾಗ ಕೋಲು ಸಮವಾಗುತ್ತದೋ ಅದೇ ತೂಕ.

ನಾನು ಆ ಮನೆಯಲ್ಲಿ ಇದ್ದದ್ದು ತೊಂಬತ್ತರ ದಶಕದ ಕೊನೆಯ ಕೆಲವು ವರ್ಷ. ಹತ್ತಿರದ ಹೈಸ್ಕೂಲಿನಲ್ಲಿ ಗಣಿತದ ಟೀಚರಾಗಿ ಕೆಲಸ ಸಿಕ್ಕಿತ್ತು. ಚಿಕ್ಕಮ್ಮ ನನ್ನ ತಾಯಿಯ ತಂಗಿ. ‘ಬಾಡಿಗೆ ಮನೆ ಎಂತಕ್ಕೆ, ಇಲ್ಲೇ ಇರು ಮಾರಾಯ್ತಿ, ನಂಗೂ ಮಾತಾಡೋಕೆ ಒಬ್ಬರು ಬೇಕು’ ಎಂದಳು. ಅವರಿಗೆ ಮಕ್ಕಳಿರಲಿಲ್ಲ.

ಗಣಿತದವಳು ಮನೆಗೆ ಬಂದಳೆಂದು ಚಿಕ್ಕಪ್ಪನಿಗೆ ಖುಷಿಯಾಗಿತ್ತು. ಮೊದಲ ವಾರವೇ ನನಗೆ ಚೀನೀ ತೂಕದ ಕೋಷ್ಟಕ ಕಲಿಸಿದರು. ಹತ್ತು ಹೂನ್ ಸೇರಿದರೆ ಒಂದು ಚೀ. ಹತ್ತು ಚೀ ಸೇರಿದರೆ ಒಂದು ತಾಹಿಲ್. ಅಲ್ಲಿಯವರೆಗೆ ಹತ್ತರ ಲೆಕ್ಕ ನಡೆದು, ಅಲ್ಲಿಂದ ಒಮ್ಮೆಗೇ ಹದಿನಾರಕ್ಕೆ ಜಿಗಿಯುತ್ತದೆ: ಹದಿನಾರು ತಾಹಿಲ್‌ಗೆ ಒಂದು ಕಾಟಿ. ಆಮೇಲೆ ನೂರು ಕಾಟಿಗೆ ಒಂದು ಪಿಕುಲ್. ಒಬ್ಬ ಆಳು ಹೆಗಲ ಮೇಲೆ ಹೊರಬಹುದಾದಷ್ಟು ಭಾರ. ಮಲಯಾದ ಬೇರೆಯವರು ತಾಹಿಲ್ ಎನ್ನುವುದನ್ನು ಚೀನೀಯರು ತಮ್ಮೊಳಗೆ ಲಿಯಾಂಗ್ ಎನ್ನುತ್ತಾರೆ. ಒಂದು ಕಾಟಿ ಎಂದರೆ ಆರುನೂರ ನಾಲ್ಕು ಪಾಯಿಂಟ್ ಎಂಟು ಗ್ರಾಂ. ಒಂದು ತಾಹಿಲ್ ಎಂದರೆ ಮೂವತ್ತೇಳು ಪಾಯಿಂಟ್ ಎಂಟು. ನಮ್ಮ ತೊಲದಲ್ಲಿ ಹೇಳುವುದಾದರೆ ಮೂರೂಕಾಲು ತೊಲಕ್ಕೆ ಕೂದಲೆಳೆಯಷ್ಟು ಕಡಿಮೆ. ಇದನ್ನೆಲ್ಲ ಅವರು ಬರೆದು ತೋರಿಸಲಿಲ್ಲ. ಬಾಯಲ್ಲೇ ಹೇಳಿದರು, ನನ್ನ ಬಾಯಲ್ಲೂ ಹೇಳಿಸಿದರು.

ಸಂಜೆ ಜಗುಲಿಯಲ್ಲಿ ಇದೇ ಆಟ. ಪಕ್ಕದ ತೋಟದವರು ಬಂದು ಕೂತು, ‘ನನ್ನ ಮೂರು ಮೂಟೆ ಮೆಣಸು ಚೀನಾದಲ್ಲಿ ಎಷ್ಟಾಗುತ್ತೆ ಹೇಳು ನೋಡೋಣ’ ಎನ್ನುತ್ತಿದ್ದರು. ಚಿಕ್ಕಪ್ಪ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಪಿಕುಲ್ ಕಾಟಿ ತಾಹಿಲ್ ಎಂದು ಬಿಡಿಸಿ ಹೇಳುತ್ತಿದ್ದರು. ನಾನು ಆಮೇಲೆ ಪೆನ್ನು ಹಿಡಿದು ಪರೀಕ್ಷಿಸುತ್ತಿದ್ದೆ. ಅವರು ತಪ್ಪಿದ್ದು ನಾನು ನೋಡಲಿಲ್ಲ. ಯಾವ ತೂಕ ಕೊಟ್ಟರೂ ಯಾವ ತೂಕಕ್ಕೆ ಬೇಕಾದರೂ ಬದಲಿಸಿ ಕೊಡುವ ಮನುಷ್ಯ ಎಂದು ಬಾಳೂರಿನಿಂದ ಕಳಸದವರೆಗೆ ಹೆಸರಿತ್ತು. ಆ ಹೆಸರಿನ ಮೇಲೆ ಅವರಿಗೆ ಪ್ರೀತಿಯೂ ಇತ್ತು.

ತೂಕ ಅಳತೆಯ ವಿಷಯದಲ್ಲಿ ಚಿಕ್ಕಮ್ಮನ ಮೇಲೂ ಆ ಮನೆಯಲ್ಲಿ ಒಂದು ಕತೆಯಿತ್ತು. ಅವಳು ಮದುವೆಯಾಗಿ ಬರುವಾಗ ಕಳಸದ ಆಚೆಯ ತವರಿನಿಂದ ಒಂದು ಹಿತ್ತಾಳೆ ಸೇರು ತಂದಿದ್ದಳು. ಮೊದಲ ದಿನ ಅತ್ತೆ ‘ನಾಲ್ಕು ಸೇರು ಅಕ್ಕಿ ಹಾಕು’ ಎಂದಾಗ ತನ್ನ ಸೇರಿನಲ್ಲೇ ಅಳೆದು ಹಾಕಿದಳು. ಅವಳ ತವರಿನ ಸೇರು ಈ ಮನೆಯ ಸೇರಿಗಿಂತ ಬಹಳ ದೊಡ್ಡದು. ಅನ್ನ ಉಕ್ಕಿ ಮುಚ್ಚಳ ಎತ್ತಿಹಾಕಿ, ಎರಡು ದಿನ ಮನೆಯವರೂ ಆಳುಗಳೂ ಅದೇ ಅನ್ನ ಉಂಡರಂತೆ. ಚಿಕ್ಕಪ್ಪ ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ಚಿಕ್ಕಮ್ಮ ಕಾಫಿ ಲೋಟ ಇಡುತ್ತ, ‘ಹೌದಪ್ಪ, ಸೇರು ಅಂದ್ರೆ ಸೇರೇ ಅಂದ್ಕೊಂಡಿದ್ದೆ’ ಎಂದು ತಾನೂ ನಗುತ್ತಿದ್ದಳು.

ಕಾಫಿ ಕುಯ್ಲಿನ ಕಾಲದಲ್ಲಿ ಕಣದ ಉಸ್ತುವಾರಿ ಚಿಕ್ಕಮ್ಮನದು. ಹಣ್ಣಿನ ಸಿಪ್ಪೆ ಬಿಡಿಸಿ ಪಲ್ಪ್ ಮಾಡಿ ತೊಳೆದ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಕಣದಲ್ಲಿ ತೆಳ್ಳಗೆ ಹರಡಿ, ಬಿಸಿಲು ಸರಿದಂತೆ ತಿರುವಿ ಹಾಕಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಮಾಡಿ ಮುಚ್ಚಬೇಕು. ಅವಳು ಬರಿಗಾಲಲ್ಲಿ ಬೀಜದ ನಡುವೆ ಸಾಲು ಎಳೆಯುತ್ತ ನಡೆಯುತ್ತಿದ್ದಳು. ಒಂದು ಬೀಜವನ್ನು ಹಲ್ಲಿನಲ್ಲಿ ಕಚ್ಚಿ ಒಣಗಿದ್ದು ಸಾಕೋ ಇನ್ನೂ ಬೇಕೋ ಹೇಳುತ್ತಿದ್ದಳು. ಇಡೀ ವರ್ಷದಲ್ಲಿ ಅವಳು ಮನೆಯ ಹೊರಗೆ, ತನ್ನದೇ ಮಾತು ನಡೆಯುವ ಜಾಗದಲ್ಲಿ ಇರುತ್ತಿದ್ದುದು ಆ ತಿಂಗಳುಗಳಲ್ಲಿ ಮಾತ್ರ.

ನಾನು ಹೋದ ಎರಡನೆಯ ವರ್ಷ ಅವಳಿಗೆ ಕಾಲು ಸೆಳೆತ ಶುರುವಾಯಿತು. ನಿಂತಿದ್ದಂತೆ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿ, ಅವಳು ಕಣದ ಕಟ್ಟೆ ಹಿಡಿದು ಕೂತುಬಿಡುತ್ತಿದ್ದಳು. ಮೂಡಿಗೆರೆಯ ಡಾಕ್ಟರು ಕೊಟ್ಟ ಮಾತ್ರೆಯಿಂದ ಸ್ವಲ್ಪ ಕಡಿಮೆಯಾಗಿ ಮತ್ತೆ ಬರುತ್ತಿತ್ತು. ‘ಈ ಸಲ ಕಣ ಮೇಸ್ತ್ರಿ ಹೆಂಡ್ತಿ ನೋಡ್ಕೊಳ್ಳಲಿ’ ಎಂದು ಚಿಕ್ಕಪ್ಪ ಹೇಳಿದರು. ‘ನಾನು ನಿಲ್ಲಬೇಕು. ನೀವು ಕಾಲು ಒಂದು ಸರಿ ಮಾಡಿಸಿ ಕೊಡಿ, ಸಾಕು’ ಎಂದಳು. ಅವಳು ಗಂಡನಲ್ಲಿ ಏನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಚಿಕ್ಕಪ್ಪ ಅದನ್ನು ಮನಸ್ಸಿಗೆ ತೆಗೆದುಕೊಂಡರು. ಮಲಯಾದಲ್ಲಿ ಅವರ ತೋಟದ ಹತ್ತಿರದ ಪೇಟೆಯಲ್ಲಿ ಒಂದು ಚೀನೀ ಔಷಧಿ ಅಂಗಡಿಯಿತ್ತು. ಅಂಗಡಿಯ ಮುದುಕ ಯಜಮಾನ ಅವರಿಗೆ ಬಹಳ ಬೇಕಾದವನು; ಕೈತಕ್ಕಡಿಯನ್ನು ಕೊಟ್ಟವನೂ ಅವನೇ. ಕಾಲು ಸೆಳೆತಕ್ಕೆ ಎರಡೇ ಬೇರಿನ ಒಂದು ಪುರಾತನ ಕಷಾಯವಿದೆಯೆಂದು ಅವನು ಒಮ್ಮೆ ಹೇಳಿದ್ದನಂತೆ. ಒಂದು, ಅಲ್ಲಿಯ ಒಂದು ಹೂಗಿಡದ ಬಿಳಿ ಬೇರು. ಇನ್ನೊಂದು, ನಮ್ಮ ಜ್ಯೇಷ್ಠಮಧು. ‘ಅದು ನಾಲ್ಕು, ಇದು ನಾಲ್ಕು. ನಾಲ್ಕು ಲಿಯಾಂಗ್, ನಾಲ್ಕು ಲಿಯಾಂಗ್. ಮರೆಯೋ ಹಾಗೇ ಇಲ್ಲ’ ಎಂದು ಚಿಕ್ಕಪ್ಪ ನಮಗೆ ಹೇಳಿದರು. ಮುದುಕ ಅಷ್ಟರಲ್ಲಿ ತೀರಿಕೊಂಡಿದ್ದ. ಚಿಕ್ಕಪ್ಪ ಹಳೆಯ ಪರಿಚಯದವರೊಬ್ಬರ ಮೂಲಕ ಬಿಳಿ ಬೇರನ್ನು ತರಿಸಿದರು. ಜ್ಯೇಷ್ಠಮಧು ಮೂಡಿಗೆರೆಯ ಗ್ರಂಧಿಗೆ ಅಂಗಡಿಯಲ್ಲೇ ಸಿಕ್ಕಿತು. ಆ ದಿನ ನಾನೂ ಜೊತೆಗಿದ್ದೆ. ಅಂಗಡಿಯವರು ಕಟ್ಟು ಕಟ್ಟುತ್ತ, ‘ಇಷ್ಟೊಂದು ಎಂತಕ್ಕೆ ಸಾರ್? ಮನೇಲಿ ಎಲ್ಲರೂ ಹಾಡೋರಾ?’ ಎಂದರು. ಗಂಟಲು ಇಂಪಾಗಲೆಂದು ಹಾಡುವವರು ಅದನ್ನು ಅಗಿಯುತ್ತಾರೆ. ಚಿಕ್ಕಪ್ಪ ಆ ದಿನ ಮಾತ್ರ ನಕ್ಕರು.

ಮೊದಲ ಸಲ ತೂಗಿದ್ದು ಊಟದ ಮನೆಯಲ್ಲಿ, ಬೆಳಿಗ್ಗೆ. ನಾನು ಶಾಲೆಗೆ ಹೊರಡುತ್ತಿದ್ದವಳು ನೋಡಲು ನಿಂತೆ. ಚಿಕ್ಕಪ್ಪ ಸ್ನಾನ ಮಾಡಿ ಬಂದಿದ್ದರು. ಪೆಟ್ಟಿಗೆ ತೆರೆದು ಕೋಲನ್ನು ಬಟ್ಟೆಯಿಂದ ಒರೆಸಿದರು. ಮೊದಲು ಬಿಳಿ ಬೇರು, ಆಮೇಲೆ ಜ್ಯೇಷ್ಠಮಧುವಿನ ತುಂಡುಗಳು. ತಟ್ಟೆ ಸಣ್ಣದು, ತುಂಡುಗಳು ರಾಶಿಯಾಗಿ ಅಂಚಿನ ಹೊರಗೆ ಚಾಚಿಕೊಂಡವು. ಒಂದೆರಡು ಕೆಳಗೆ ಬಿದ್ದವು. ಅವರು ಬಿದ್ದವನ್ನು ಎತ್ತಿ ಮತ್ತೆ ಹೊಂದಿಸಿಟ್ಟರು. ಗುಂಡನ್ನು ನಾಲ್ಕರ ಚುಕ್ಕೆಗೆ ಸರಿಸಿ, ಉಸಿರು ಬಿಗಿಹಿಡಿದು, ಕೋಲು ಸಮವಾಗುವವರೆಗೆ ಕಾದರು.

‘ನಾಲ್ಕು’ ಎಂದರು.

ಚಿಕ್ಕಮ್ಮ ಬಾಗಿಲಲ್ಲಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ರಾಶಿಯನ್ನು ನೋಡಿ, ‘ಇಷ್ಟೊಂದಾ? ನೋಡ್ಕೊಳ್ರಿ, ನನ್ನ ಸೇರಿನ ಹಾಗೆ ಆಗಿಬಿಟ್ಟೀತು’ ಎಂದಳು.

‘ಸೇರು ಮನೆಗೊಂದು. ತಾಹಿಲ್ ಲೋಕಕ್ಕೆಲ್ಲ ಒಂದೇ’ ಎಂದರು ಚಿಕ್ಕಪ್ಪ.

ನಾನು ಈಗಲೂ ಆ ರಾಶಿಯನ್ನು ನೆನೆಸಿಕೊಳ್ಳುತ್ತೇನೆ. ಅದನ್ನು ಗ್ರಾಮಿನಲ್ಲಿ ಹೇಳಿದ್ದರೆ ನಮ್ಮ ಮೂವರಲ್ಲಿ ಯಾರಾದರೊಬ್ಬರು ನಿಲ್ಲಿಸಿ ಕೇಳುತ್ತಿದ್ದರು. ಜಗುಲಿಯಲ್ಲಿ ಮೆಣಸಿನ ಮೂಟೆಯನ್ನೂ ಹಲಸಿನಹಣ್ಣನ್ನೂ ಒಂದು ತೂಕದಿಂದ ಇನ್ನೊಂದಕ್ಕೆ ಬದಲಿಸುತ್ತ ಕೂತಿದ್ದ ಮನೆಯಲ್ಲಿ, ಹೊಟ್ಟೆಗೆ ಹೋಗುವ ಆ ಒಂದನ್ನು ಮಾತ್ರ ಬದಲಿಸಲಿಲ್ಲ. ಕೋಲಿನ ಮೇಲೆ ನಾಲ್ಕು ಎಂದಿತ್ತು, ಮುದುಕ ನಾಲ್ಕು ಎಂದಿದ್ದ. ಲೆಕ್ಕಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ನಾಲ್ಕು ಎನ್ನುವುದು ಸಣ್ಣ ಸಂಖ್ಯೆ.

ಒಮ್ಮೆ ಕುದಿಸಿದ ಕಷಾಯ ಎರಡು ದಿನಕ್ಕೆ. ರುಚಿ ಎಷ್ಟು ಸಿಹಿಯೆಂದರೆ ಚಿಕ್ಕಮ್ಮ ಕಾಫಿಗೆ ಸಕ್ಕರೆ ಹಾಕುವುದು ಬಿಟ್ಟಳು. ಬಾಯಿಯೆಲ್ಲ ಅದೇ ಸಿಹಿ ಎನ್ನುತ್ತಿದ್ದಳು. ಮೊದಲ ವಾರದಲ್ಲೇ ಸೆಳೆತ ನಿಂತಿತು. ಅವಳು ಕಣದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತಳು. ನಾನು ಶಾಲೆಯಿಂದ ಬರುವಾಗ ತಗ್ಗಿನ ದಾರಿಯಿಂದಲೇ ಅವಳ ದನಿ ಕೇಳುತ್ತಿತ್ತು. ಯಾರನ್ನೋ ‘ಬೀಜ ತುಳೀಬೇಡ್ರೇ’ ಎಂದು ಗದರುತ್ತಿದ್ದಳು. ಚಿಕ್ಕಪ್ಪ ಜಗುಲಿಯಲ್ಲಿ ಪಕ್ಕದ ತೋಟದವರಿಗೆ ತಕ್ಕಡಿ ತೋರಿಸಿದರು. ‘ಹಾಗಾದ್ರೆ ನನ್ನ ಸೊಂಟಕ್ಕೂ ಒಂದು ನಾಲ್ಕು ತೂಗು ಮಾರಾಯ’ ಎಂದು ಅವರು ಹೇಳಿದರು. ಪುಣ್ಯಕ್ಕೆ ಬಿಳಿ ಬೇರು ಅಷ್ಟು ಹೆಚ್ಚಿರಲಿಲ್ಲ.

ಆಮೇಲೆ ಮುಖ ಊದಿಕೊಳ್ಳತೊಡಗಿತು. ಮೊದಲು ಅದು ಚೆನ್ನಾಗಿಯೇ ಕಂಡಿತು. ‘ಮೈ ತುಂಬ್ಕೊಂಡಿದ್ದಾಳೆ’ ಎಂದು ಚಿಕ್ಕಪ್ಪ ಸಂತೋಷಪಟ್ಟರು. ಪಾದದ ಗಂಟಿನ ಹತ್ತಿರ ಬೆರಳು ಒತ್ತಿದರೆ ಗುಳಿ ಉಳಿಯುತ್ತಿತ್ತು. ತಲೆನೋವು ಎಂದಳು. ಬಿಸಿಲಿಗೆ ಎಂದರು ಚಿಕ್ಕಪ್ಪ. ತಲೆ ಬಾಚಿಕೊಳ್ಳಲು ಎತ್ತಿದ ಕೈ ನಡುವೆಯೇ ಕೆಳಗಿಳಿಯುತ್ತಿತ್ತು, ನಾನು ಬಾಚಿಕೊಟ್ಟೆ. ಮೊರ ಎತ್ತಲು ಆಗಲಿಲ್ಲ. ‘ಎದೆಯೊಳಗೆ ಹಕ್ಕಿ ರೆಕ್ಕೆ ಬಡಿದ ಹಾಗೆ ಆಗುತ್ತೆ ಕಣೇ’ ಎಂದು ನನಗೆ ಹೇಳಿದಳು. ‘ಕಷಾಯ ನಿಲ್ಲಿಸೋಣ ಚಿಕ್ಕಪ್ಪ’ ಎಂದು ನಾನು ಹೇಳಿದಾಗ ಅವರು, ‘ಅರ್ಧಕ್ಕೆ ನಿಲ್ಲಿಸಬಾರದು. ಹಳೆ ನೋವು ಹೊರಗೆ ಬರ್ತಾ ಇದೆ. ಮುದುಕ ಹೇಳಿದ್ದ’ ಎಂದರು. ಮುದುಕ ಅಂಥದ್ದನ್ನು ಹೇಳಿದ್ದನೋ ಇಲ್ಲವೋ ನನಗೆ ತಿಳಿಯದು.

ಒಂದು ಮಧ್ಯಾಹ್ನ ಕಣದಲ್ಲಿ ಕೂತವಳು ಏಳಲಿಲ್ಲ. ಸೆಳೆತವಾಗಿರಲಿಲ್ಲ, ಕಾಲು ಇದೆಯೆಂದೇ ಗೊತ್ತಾಗುತ್ತಿಲ್ಲ ಎಂದಳು. ಮೇಸ್ತ್ರಿಯೂ ಅವನ ಹೆಂಡತಿಯೂ ಎತ್ತಿ ಜೀಪಿಗೆ ಹಾಕಿದರು. ಮೂಡಿಗೆರೆಯಲ್ಲಿ ನೋಡಿದವರು ಎದೆಬಡಿತ ಸರಿಯಿಲ್ಲ, ನಿಲ್ಲಬೇಡಿ ಎಂದು ಚಿಕ್ಕಮಗಳೂರಿಗೆ ಕಳಿಸಿದರು.

ಅಲ್ಲಿಯ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವರು ಒಬ್ಬ ಯುವ ಡಾಕ್ಟರಮ್ಮ. ರಕ್ತ ತೆಗೆಸಿ, ವರದಿ ಬಂದ ಮೇಲೆ ಮಂಚದ ಹತ್ತಿರ ಬಂದು ನಿಂತರು. ಚಿಕ್ಕಮ್ಮ ಎಚ್ಚರವಾಗಿಯೇ ಮಲಗಿದ್ದಳು. ಚಿಕ್ಕಪ್ಪ ಅವಳ ತಲೆಯ ಕಡೆ, ನಾನು ಕಾಲಿನ ಕಡೆ ನಿಂತಿದ್ದೆವು.

‘ರಕ್ತದಲ್ಲಿ ಪೊಟ್ಯಾಸಿಯಂ ಇರಬೇಕಾದ ಅರ್ಧವೂ ಇಲ್ಲ’ ಎಂದರು ಡಾಕ್ಟರು. ‘ಬಿ.ಪಿ. ತುಂಬ ಹೆಚ್ಚಿದೆ. ಹೀಗೆ ಸುಮ್ಮಸುಮ್ಮನೆ ಆಗಲ್ಲ. ಏನು ಔಷಧಿ ತಗೊಳ್ತಾ ಇದ್ದಾರೆ?’

‘ಏನೂ ಇಲ್ಲ’ ಎಂದರು ಚಿಕ್ಕಪ್ಪ. ಸ್ವಲ್ಪ ತಡೆದು, ‘ಮನೇಲಿ ಒಂದು ಕಷಾಯ. ಎಲ್ಲರ ಮನೇಲೂ ಮಾಡ್ತಾರೆ.’

‘ಏನು ಹಾಕ್ತೀರಿ ಅದಕ್ಕೆ?’

‘ಜ್ಯೇಷ್ಠಮಧು’ ಎಂದೆ ನಾನು. ಬಿಳಿ ಬೇರಿನ ಬಗ್ಗೆಯೂ ಹೇಳಿದೆ.

ಡಾಕ್ಟರು ಜ್ಯೇಷ್ಠಮಧು ಎಂದದ್ದಕ್ಕೆ ತಲೆ ಎತ್ತಿದರು. ‘ಎಷ್ಟು ಹಾಕ್ತೀರಿ?’

‘ನಾಲ್ಕು’ ಎಂದರು ಚಿಕ್ಕಪ್ಪ.

‘ನಾಲ್ಕು ಏನು? ಗ್ರಾಮಾ? ಚಮಚವಾ?’

‘ನಾಲ್ಕು.’

‘ಯಜಮಾನ್ರೇ, ಎಷ್ಟು ಗ್ರಾಂ ಅಂತ ನಂಗೆ ಗೊತ್ತಾಗಬೇಕು. ಇದರಿಂದಲೇ ಆಗಿದ್ಯೋ ಬೇರೆ ಏನಾದರೂ ಹುಡುಕಬೇಕೋ ಅಂತ ಅದರ ಮೇಲೆ ಹೇಳಬೇಕು.’

ಚಿಕ್ಕಪ್ಪ ಎದುರಿನ ಗೋಡೆ ನೋಡಿದರು. ಅವರ ತುಟಿ ಅಲ್ಲಾಡಿತು. ಜಗುಲಿಯಲ್ಲಿ ಲೆಕ್ಕ ಮಾಡುವಾಗ ಅಲ್ಲಾಡುತ್ತಿದ್ದ ಹಾಗೆಯೇ. ಅವರಿಗೆ ಉತ್ತರ ಸಿಕ್ಕಿದ್ದು ನನಗೆ ಕಂಡಿತು. ಅವರ ಮುಖದಲ್ಲಿ ಅದು ಬಂದದ್ದೂ ಕಂಡಿತು, ಅವರು ಅದನ್ನು ಒಳಗೇ ಇಟ್ಟುಕೊಂಡದ್ದೂ ಕಂಡಿತು.

‘ಅದು ಬೇರೆ ದೇಶದ ತೂಕ’ ಎಂದರು. ‘ಗ್ರಾಮಲ್ಲಿ ಹೇಳಕ್ಕೆ ಬರಲ್ಲ.’

ಚಿಕ್ಕಮ್ಮ ದಿಂಬಿನ ಮೇಲೆ ತಲೆ ಹೊರಳಿಸಿ ಅವರನ್ನು ನೋಡಿದಳು. ‘ಹೇಳ್ರಿ’ ಎಂದಳು. ದನಿ ಬಹಳ ಸಣ್ಣದಾಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು.

ಅವರು ಹೇಳಲಿಲ್ಲ. ಆಗ ನಾನು ಲೆಕ್ಕ ಮಾಡಿದೆ. ಮೂವತ್ತೇಳು ಪಾಯಿಂಟ್ ಎಂಟು ಗುಣಿಸು ನಾಲ್ಕು. ‘ನೂರ ಐವತ್ತೊಂದು ಗ್ರಾಂ’ ಎಂದೆ. ‘ಎರಡು ದಿನಕ್ಕೆ. ದಿನಕ್ಕೆ ಎಪ್ಪತ್ತೈದು.’

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಇನ್ನೊಮ್ಮೆ ಹೇಳಿ ಎಂದರು. ಹೇಳಿದೆ. ‘ದಿನಾ ನಾಲ್ಕೈದು ಗ್ರಾಂ ತಗೊಂಡಿದ್ದರೂ, ಇಷ್ಟು ದಿನ ಯಾಕೆ ಅಂತ ಕೇಳ್ತಿದ್ದೆ’ ಎಂದಷ್ಟೇ ಹೇಳಿ ನರ್ಸನ್ನು ಕರೆಯಲು ಹೋದರು. ಆ ಬೇರಿನ ಸಿಹಿ ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು ಪೊಟ್ಯಾಸಿಯಂ ಹೊರಗೆ ಹಾಕಿಸುತ್ತದೆ, ಸ್ನಾಯುವೂ ಹೃದಯವೂ ಅದಿಲ್ಲದೆ ಸೋಲುತ್ತವೆ ಎಂದು ಆಮೇಲೆ ನನಗೆ ವಿವರಿಸಿದರು. ಚಿಕ್ಕಪ್ಪ ಅಷ್ಟು ಹೊತ್ತೂ ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದರು.

ಚಿಕ್ಕಮ್ಮ ಬದುಕಿದಳು. ಡ್ರಿಪ್ ಹಾಕಿ, ದಿನಕ್ಕೆ ಹಲವು ಸಲ ರಕ್ತ ನೋಡಿ, ನಿಧಾನವಾಗಿ ಅವಳನ್ನು ಹಿಂದಕ್ಕೆ ತಂದರು. ಮನೆಗೆ ಬರುವಾಗ ಮೊದಲ ಹೂಮಳೆ ಆಗಿ, ತೋಟವೆಲ್ಲ ಕಾಫಿ ಹೂವಿನಿಂದ ಬಿಳಿಯಾಗಿತ್ತು. ಕೈಗೆ ಬಲ ಬಂತು, ಕಾಲಿಗೆ ಮುಂಚಿನಷ್ಟು ಬರಲಿಲ್ಲ. ಎದೆಬಡಿತಕ್ಕೆ ಮಾತ್ರೆ ಶಾಶ್ವತವಾಯಿತು. ಸೆಳೆತವೂ ಮರಳಿ ಬಂತು. ಮುಂದಿನ ಕುಯ್ಲಿನಲ್ಲಿ ಕಣವನ್ನು ಮೇಸ್ತ್ರಿಯ ಹೆಂಡತಿ ನೋಡಿಕೊಂಡಳು. ಚಿಕ್ಕಮ್ಮ ಕಟ್ಟೆಯ ಮೇಲೆ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಅವಳು ಯಾರನ್ನೂ ಗದರಲಿಲ್ಲ.

ಅವರಿಬ್ಬರ ನಡುವೆ ಜಗಳವಾಗಲಿಲ್ಲ. ಅವಳು ಅವರಿಗೆ ಹೊತ್ತಿಗೆ ಸರಿಯಾಗಿ ಬಡಿಸಿದಳು, ‘ಇನ್ನೊಂದು ಕಡುಬು ಹಾಕ್ಲಾ’ ಎಂದು ಕೇಳಿದಳು. ಆದರೆ ಅವರು ಚಾಚಿದ ಕೈಯಿಂದ ನೀರಿನ ಲೋಟವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ‘ಅಲ್ಲಿ ಇಡಿ’ ಎನ್ನುತ್ತಿದ್ದಳು. ಅವರು ಹೋದ ಮೇಲೆ ಅದನ್ನು ತುಳಸಿಗೆ ಸುರಿದು, ಬೇರೆ ನೀರು ತೆಗೆದುಕೊಂಡು ಮಾತ್ರೆ ನುಂಗುತ್ತಿದ್ದಳು. ಚಿಕ್ಕಪ್ಪ ಅದನ್ನು ನೋಡಿದ್ದರೋ ಇಲ್ಲವೋ. ನೋಡದೆ ಇರಲು ಆ ಮನೆ ಅಷ್ಟು ದೊಡ್ಡದಾಗಿರಲಿಲ್ಲ.

ಚಿಕ್ಕಪ್ಪ ಏನಾದರೂ ಹೇಳುತ್ತಾರೆಂದು ನಾನು ಕಾದೆ. ಅವಳೂ ಕಾಯುತ್ತಿದ್ದಳು, ಅದು ನನಗೆ ಅವಳು ಬಾಗಿಲ ಹತ್ತಿರ ನಿಲ್ಲುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅವರು ಹೇಳಿದ್ದು ಬಂದುಹೋಗುವವರಿಗೆ. ಜಗುಲಿಯಲ್ಲಿ ಯಾರಾದರೂ ‘ಈಗ ಹೇಗಿದ್ದಾರೆ ಅಮ್ಮ?’ ಎಂದು ಕೇಳಿದರೆ, ‘ಔಷಧಿ ಸರಿಯಾಗಿತ್ತು, ತೂಕ ಸರಿಯಾಗಿತ್ತು. ಯಾಕೋ ಅವಳ ಮೈಗೆ ಒಗ್ಗಲಿಲ್ಲ’ ಎನ್ನುತ್ತಿದ್ದರು. ಕೇಳಿದವರು ಒಳಗೆ ತಿರುಗಿ ಚಿಕ್ಕಮ್ಮನ ಮೈಯನ್ನು ನೋಡುತ್ತಿದ್ದರು. ಅವಳು ಕಾಫಿ ಲೋಟ ಇಟ್ಟು ಹೋಗುತ್ತಿದ್ದಳು. ಪಕ್ಕದ ತೋಟದವರು ಮೂಟೆಯ ಲೆಕ್ಕ ಕೇಳುವುದನ್ನು ಬಿಟ್ಟರು. ಸೇರಿನ ಕತೆಯನ್ನು ಮಾತ್ರ ಚಿಕ್ಕಪ್ಪ ಎಂದೂ ಮತ್ತೆ ಹೇಳಲಿಲ್ಲ.

ನಾನು ವರ್ಗವಾಗಿ ಮೂಡಿಗೆರೆಗೆ ಬಂದೆ. ಭಾನುವಾರಗಳಲ್ಲಿ ಹೋಗಿ ಬರುತ್ತಿದ್ದೆ. ಎರಡು ಸಾವಿರದ ಇಸವಿಯ ಆಚೆ ಆ ಕಡೆಯ ತೋಟಗಳಿಗೆ ಹೊರಗಿನ ಜನ ಸುತ್ತಾಡಲು ಬರುವುದು ಹೆಚ್ಚಾಯಿತು. ಅಂಥ ಒಂದು ಚಳಿಗಾಲದಲ್ಲಿ ಮಲಯಾದಿಂದ ಒಬ್ಬರು ಹೆಂಡತಿಯೊಂದಿಗೆ ಬಂದರು. ಚಿಕ್ಕಪ್ಪನಿಗೆ ತಕ್ಕಡಿ ಕೊಟ್ಟ ಮುದುಕನ ಮಗ. ಅವರೂ ಆಗ ಮುದುಕರು. ಅಪ್ಪನ ಅಂಗಡಿಯನ್ನು ಬಹಳ ಕಾಲ ನಡೆಸಿ ಬಿಟ್ಟವರು. ಚಿಕ್ಕಪ್ಪ ಅವರನ್ನು ತಬ್ಬಿಕೊಂಡು ಅತ್ತರು. ನಾನೂ ಆ ದಿನ ಅಲ್ಲಿದ್ದೆ. ಅತಿಥಿಗಳು ಇಂಗ್ಲಿಷಿನಲ್ಲಿ ಮಾತಾಡಿದ್ದರಿಂದ ಎಲ್ಲವೂ ನನಗೆ ಅರ್ಥವಾಯಿತು.

ಊಟಕ್ಕೆ ಮೊದಲು ಜಗುಲಿಯಲ್ಲಿ ತಕ್ಕಡಿಯ ಪೆಟ್ಟಿಗೆ ಹೊರಬಂತು. ಅತಿಥಿ ಅದನ್ನು ಕಣ್ಣಿಗೆ ಒತ್ತಿಕೊಂಡರು. ಆಗ ಚಿಕ್ಕಪ್ಪ, ಯಾರೋ ಪರಿಚಯದವರ ಮನೆಯಲ್ಲಿ ಆದ ಸಂಗತಿಯೆಂಬಂತೆ, ಆ ಎರಡು ಬೇರಿನ ಕಷಾಯದ ವಿಷಯ ತೆಗೆದರು. ನಾಲ್ಕು ಲಿಯಾಂಗ್, ನಾಲ್ಕು ಲಿಯಾಂಗ್.

ಅತಿಥಿಯ ಮುಖ ಗಂಭೀರವಾಯಿತು. ಯಾವ ತಕ್ಕಡಿಯಲ್ಲಿ ತೂಗಿದರು ಎಂದು ಕೇಳಿದರು.

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಆ ಕಷಾಯ ಎಷ್ಟು ಪುರಾತನವೆಂದರೆ ಅದನ್ನು ಹೇಳಿದ ಕಾಲದ ಲಿಯಾಂಗ್ ಮಲಯಾದ ಅಂಗಡಿಯ ಲಿಯಾಂಗಿನ ಅರ್ಧವೂ ಇರಲಿಲ್ಲ. ರಾಜರು ಬದಲಾದಂತೆ ತೂಕ ಬೆಳೆಯಿತು, ಹೆಸರು ಹಾಗೇ ಉಳಿಯಿತು. ಈಗ ಚೀನಾದಲ್ಲಿ ಕಾಟಿಯನ್ನು ಅರ್ಧ ಕಿಲೋ ಮಾಡಿ, ಹದಿನಾರರ ಲೆಕ್ಕ ಬಿಟ್ಟು, ಹತ್ತು ಲಿಯಾಂಗಿಗೆ ಒಂದು ಕಾಟಿ ಎಂದಿದ್ದಾರೆ. ಆದ್ದರಿಂದ ಅಲ್ಲಿಯ ಸಂತೆಯಲ್ಲಿ ಲಿಯಾಂಗ್ ಎಂದರೆ ಐವತ್ತು ಗ್ರಾಂ. ಔಷಧಿ ಅಂಗಡಿಯವರು ಈ ಯಾವ ಲಿಯಾಂಗಿನಲ್ಲೂ ತೂಗುವುದಿಲ್ಲ. ಹಳೆಯ ಕಷಾಯದಲ್ಲಿ ಲಿಯಾಂಗ್ ಎಂದಿದ್ದರೆ ಕೈ ಚೀಯನ್ನು ತೂಗುತ್ತದೆ, ಹತ್ತರಲ್ಲಿ ಒಂದು ಪಾಲು. ಬಾಯಲ್ಲಿ ಲಿಯಾಂಗ್ ಎನ್ನುತ್ತಲೇ ಅವರ ತಂದೆ ಚೀಯ ಚುಕ್ಕೆಗೆ ಗುಂಡು ಸರಿಸುತ್ತಿದ್ದರು. ಅಂಗಡಿಯಲ್ಲಿ ಬೆಳೆದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ‘ಅವರು ತೂಗುವುದನ್ನು ನೀವು ನೋಡಿರಲಿಲ್ಲವೇ?’ ಎಂದು ಕೇಳಿದರು.

ಚಿಕ್ಕಪ್ಪನ ಮುಖ ಅರಳಿತ್ತು. ಬೇರೆ ಪದ ನನಗೆ ಹೊಳೆಯುವುದಿಲ್ಲ. ಎಷ್ಟೋ ವರ್ಷದ ಭಾರ ಇಳಿಸಿದವರ ಹಾಗೆ ಎದ್ದು, ಅತಿಥಿಗಳನ್ನು ಅಲ್ಲೇ ಬಿಟ್ಟು, ನೇರ ಅಡುಗೆಮನೆಗೆ ಬಂದರು. ನಾನೂ ಹಿಂದೆ ಬಂದೆ.

ಚಿಕ್ಕಮ್ಮ ಒಲೆಯ ಮುಂದೆ ಮಣೆಯ ಮೇಲೆ ಕೂತು ಕಡುಬಿನ ಹಿಟ್ಟನ್ನು ಉಂಡೆ ಕಟ್ಟುತ್ತಿದ್ದಳು.

‘ಕೇಳಿದ್ಯಾ’ ಎಂದರು ಚಿಕ್ಕಪ್ಪ. ‘ಅದು ಹಳೇ ಕಾಲದ ಲಿಯಾಂಗ್ ಅಂತೆ. ಈಗಿನದಲ್ಲ. ಅದನ್ನ ಚೀ ಲೆಕ್ಕದಲ್ಲಿ ತೂಗಬೇಕಂತೆ. ಮುದುಕ ನಂಗೆ ಅದನ್ನ ಹೇಳೇ ಇಲ್ಲ. ನನ್ನ ತೂಕದಲ್ಲಿ ಒಂದು ಹೂನ್ ಕೂಡ ತಪ್ಪಿರಲಿಲ್ಲ. ನಾನು ಹೇಳ್ತಾ ಇರಲಿಲ್ವಾ?’

ಚಿಕ್ಕಮ್ಮ ಕೈಯಲ್ಲಿದ್ದ ಉಂಡೆಯನ್ನು ಮುಗಿಸಿ ತಟ್ಟೆಯಲ್ಲಿಟ್ಟಳು. ಇನ್ನೊಂದಕ್ಕೆ ಹಿಟ್ಟು ತೆಗೆದುಕೊಳ್ಳಲಿಲ್ಲ.

‘ತೂಕ ತಪ್ಪಿತ್ತು ಅಂತ ನಾನು ಯಾವತ್ತಾದ್ರೂ ಅಂದಿದ್ನಾ?’ ಎಂದಳು.

‘ಇಲ್ಲ. ಆದ್ರೂ ನೀನು...’

‘ನಿಮಗೆ ಗೊತ್ತಿರಲಿಲ್ಲ, ತೂಗಿದ್ರಿ. ನಾನು ಕುಡಿದೆ. ಅದು ಆಯ್ತು. ಆಸ್ಪತ್ರೇಲಿ ಆ ಡಾಕ್ಟರ್ ಹುಡುಗಿ ಅಷ್ಟು ಸಲ ಕೇಳಿದ್ಲು. ನಾನೂ ಕೇಳಿದೆ. ನಿಮಗೆ ಗೊತ್ತಿತ್ತು. ಯಾಕ್ರೀ ಬಾಯಿ ಬಿಡಲಿಲ್ಲ?’

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಚಿಕ್ಕಪ್ಪ ಬಾಗಿಲ ಚೌಕಟ್ಟಿಗೆ ಕೈ ಇಟ್ಟುಕೊಂಡು ನಿಂತಿದ್ದರು. ಅವರ ತುಟಿ ಅಲ್ಲಾಡುತ್ತದೇನೋ ಎಂದು ನಾನು ನೋಡಿದೆ. ಅಲ್ಲಾಡಲಿಲ್ಲ.

‘ಜನ ಇದ್ದರು’ ಎಂದರು ಕೊನೆಗೆ.

‘ಹೌದು’ ಎಂದಳು ಚಿಕ್ಕಮ್ಮ. ‘ನಾನೂ ಇದ್ದೆ.’

ಅವರು ಜಗುಲಿಗೆ ಹೋದರು. ಚಿಕ್ಕಮ್ಮ ನನ್ನನ್ನು ನೋಡದೆ, ‘ಊಟಕ್ಕೆ ನಾವು ಐದೇ ಜನ ಅಲ್ವಾ’ ಎಂದು ಕೇಳಿ, ಮತ್ತೆ ಹಿಟ್ಟಿಗೆ ಕೈ ಹಾಕಿದಳು. ನಾನು ಅವಳ ಪಕ್ಕ ಕೂತು ಉಂಡೆ ಕಟ್ಟತೊಡಗಿದೆ.

ಅತಿಥಿಗೆ ಬೇಜಾರಾಗಿರಬೇಕು, ಅಥವಾ ಮಾತು ಬೇರೆ ಕಡೆ ತಿರುಗಿಸಬೇಕೆನಿಸಿರಬೇಕು. ಜಗುಲಿಯ ಮೂಲೆಯಲ್ಲಿದ್ದ ಕಾಫಿ ಮೂಟೆ ತೋರಿಸಿ, ಇದೊಂದು ಎಷ್ಟು ಕಾಟಿ ಬರುತ್ತದೆ ಎಂದು ಕೇಳಿದ್ದು ಅಡುಗೆಮನೆಗೆ ಕೇಳಿಸಿತು. ಐವತ್ತು ಕಿಲೋದ ಮೂಟೆ ಅದು. ಚಿಕ್ಕಪ್ಪನ ದನಿ ಬಂತು, ಹಿಂದಿನ ಹಾಗೆಯೇ ಸ್ಪಷ್ಟವಾಗಿ: ‘ಎಂಬತ್ತೆರಡು ಕಾಟಿ, ಹತ್ತೂಮುಕ್ಕಾಲು ತಾಹಿಲ್.’

ಚಿಕ್ಕಮ್ಮನ ಕೈ ನಿಲ್ಲಲಿಲ್ಲ. ಮೂಡಿಗೆರೆಗೆ ಮರಳುವ ಜೀಪಿನಲ್ಲಿ ನಾನು ಲೆಕ್ಕ ಹಾಕಿ ನೋಡಿದೆ. ಸರಿಯಾಗಿತ್ತು.